ಒಳಗ ಯಾರದೀರಿ?

ಜೇವರ್ಗಿ
ಕಾರ್ತಿಕ ಶುದ್ಧ ದಶಮಿ, 1938

ಚಿರಂಜೀವಿ ಬೀರಣ್ಣನಿಗೆ ಸುಂದರಬಾಯಿಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಈ ಮನೆಯಲ್ಲಿ ಈಗ ನಾವೆಲ್ಲ ಎಂದರೆ ನಾನು ಮತ್ತು ಒಂದು ಆಕಳು. ಆಕಳು ಕ್ಷೇಮವಾಗಿದೆ.

ನೀನು ಆಳಂದದಲ್ಲಿ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಇಂಗ್ಲಿಷ್ ಕಾಗದ ಬರೆಯುವ ಕೆಲಸಕ್ಕೆ ಸೇರಿದ್ದೀ ಎಂದು ಯಡ್ರಾಮಿಯಿಂದ ಸಂತೆಗೆ ಬಂದಿದ್ದ ನಿಮ್ಮವ್ವ ಹೇಳಿದಳು. ನಿನ್ನ ಮಾಸ್ತರರು ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಅವರಿಲ್ಲ, ಆದ್ದರಿಂದ ನಾನೇ ಪಕ್ಕದ ಮನೆಯ ಅಜೀಜಾಬಿಗೆ ಹೇಳಿದೆ. ಗೋಡೆಯಾಚೆಗೆ ಕೇಳುವವಳು ಅವಳೊಬ್ಬಳೇ.

ಇನ್ನು ವಿಷಯಕ್ಕೆ ಬರುತ್ತೇನೆ. ಭಾದ್ರಪದದಲ್ಲಿ ಅವರು ತೀರಿಕೊಂಡಾಗ ಎದುರಿಗೆ ಇದ್ದವನು ನೀನೊಬ್ಬನೇ. ನಾನು ಮಗಳು ಗುರುಬಾಯಿಯ ಬಾಣಂತನಕ್ಕೆಂದು ಅಫಜಲಪುರದಲ್ಲಿದ್ದೆ. ಸುದ್ದಿ ಮುಟ್ಟಿ, ಗಾಡಿ ಹೂಡಿಸಿಕೊಂಡು ಘತ್ತರಗಿಗೆ ಬಂದರೆ ಭೀಮಾ ಹೊಳೆ ತುಂಬಿ ಹರಿಗೋಲನ್ನು ದಂಡೆಗೆ ಕಟ್ಟಿಹಾಕಿದ್ದರು. ಅಂಬಿಗನ ಕಾಲು ಹಿಡಿದೆ. ಅವನು ನೀರು ತೋರಿಸಿದ. ಹೊಳೆ ಇಳಿದು ನಾನು ಮನೆ ಮುಟ್ಟುವಷ್ಟರಲ್ಲಿ ಅವರನ್ನು ಮಣ್ಣು ಮಾಡಿ ಆಗಿತ್ತು. ಮುಖ ನೋಡಲು ಸಿಗಲಿಲ್ಲ.

ಅವರು ಶಿವ ಶಿವ ಎನ್ನುತ್ತ ಪ್ರಾಣ ಬಿಟ್ಟರು ಎಂದು ಮೈದುನ ನಾಗಣ್ಣ ಹೇಳುತ್ತಾನೆ. ಅವನು ಆ ದಿನ ಹೊಲದಲ್ಲಿದ್ದ. ಪೂಜೆಗೆ ಕುಳಿತರೂ ನಡುವೆ ಯಾರದೋ ವ್ಯಾಕರಣ ತಿದ್ದುತ್ತಿದ್ದ ಮನುಷ್ಯ ಅಷ್ಟು ನೀಟಾಗಿ ಸತ್ತಾರೆಂದು ನಾನು ನಂಬುವುದಿಲ್ಲ. ನಿನ್ನನ್ನು ಕೇಳಿದರೆ "ಪಾಠ ಹೇಳಾಕತ್ತಿದ್ರಿ" ಎಂದು ನೀನು ನೆಲ ನೋಡಿದೆ. ನಾನೂ ಆಗ ಒತ್ತಾಯ ಮಾಡಲಿಲ್ಲ.

ಈಗ ಕೇಳಲೇಬೇಕಾಗಿದೆ. ನಗಬೇಡ. ಮಧ್ಯಾಹ್ನ ಬೇವಿನ ಮರದ ನೆರಳು ಪಡಸಾಲೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಅವರು ಕರೆಯುತ್ತಾರೆ. "ಒಳಗ ಯಾರದೀರಿ?"

ನಿನಗೆ ಆ ಕರೆ ಗೊತ್ತು. ಮದುವೆಯಾದಂದಿನಿಂದ ಹಾಗೆಯೇ ಕರೆದರು. ಒಳಗೆ ಇರುವವಳು ನಾನೊಬ್ಬಳೇ ಎಂದು ಗೊತ್ತಿದ್ದೂ, ಹತ್ತು ಜನರಿದ್ದಾರೇನೋ ಎಂಬಂತೆ. ಹೆಂಡತಿಯ ಹೆಸರು ಹಿಡಿದರೆ ನಾಲಿಗೆಗೆ ಏನಾಗುತ್ತಿತ್ತೋ. ನಾನೂ ಅವರ ಹೆಸರು ಹಿಡಿದವಳಲ್ಲ, ಬಿಡು. ಇಂಗ್ಲಿಷ್ ಪದಕ್ಕೆ ಸರಿಯಾದ ಕನ್ನಡ ಸಿಗದಿದ್ದಾಗಲೇ ಈ ಕರೆ. ನಾನು ಬಾಗಿಲ ಹಿಂದಿನಿಂದ "ನಾ ಅದೀನ್ರಿ" ಅನ್ನಬೇಕು, ಅವರು ಕೇಳಬೇಕು, ನಾನು ಹೇಳಬೇಕು.

ಈಗಲೂ "ನಾ ಅದೀನ್ರಿ, ಹೇಳ್ರಿ" ಎನ್ನುತ್ತೇನೆ. ಮುಂದೆ ಏನೂ ಕೇಳುವುದಿಲ್ಲ. ಕರೆದು ಸುಮ್ಮನಾಗುವ ಚಾಳಿ ಬದುಕಿದ್ದಾಗ ಇರಲಿಲ್ಲ. ನನಗೆ ಹೆದರಿಕೆ ಇಲ್ಲ ಬೀರಣ್ಣಾ, ಆದರೆ ಜೀವ ಹಿಂಡುತ್ತದೆ. ಅವರಿಗೆ ನನ್ನಿಂದ ಏನು ಬೇಕು ಎಂಬುದು ನನಗೆ ತಿಳಿಯಬೇಕು. ಅವರು ನಿನಗೆ ಹೇಳಿಕೊಟ್ಟದ್ದನ್ನೆಲ್ಲ, ಹೇಗೆ ಹೇಳಿದರೋ ಹಾಗೆಯೇ ಬರೆದು ಕಳಿಸು.

ಇತಿ,
ಸುಂದರಬಾಯಿ

ಆಳಂದ
14 ನವೆಂಬರ್ 1938

ತಾಯಿಯ ಸಮಾನರಾದ ಅವ್ವಾರ ಪಾದಗಳಿಗೆ ಬೀರಣ್ಣನ ಶರಣಾರ್ಥಿ.

ನಿಮ್ಮ ಕಾಗದ ಓದಿ ಮಡಚಿಟ್ಟು, ಮತ್ತೆ ತೆಗೆದು ಓದಿದೆ. ನಗಲಿಲ್ಲ. ನಗುವ ಸ್ಥಿತಿಯಲ್ಲಿ ನಾನೂ ಇಲ್ಲ.

ಮಾಸ್ತರರು ಬರೆದುಕೊಳ್ಳಲು ಬಿಡುತ್ತಿರಲಿಲ್ಲ. "ಬರದಿಟ್ಟಿ ಅಂದ್ರ ಮರತಿ. ಬಾಯಾಗ ಹಿಡಿ" ಎನ್ನುತ್ತಿದ್ದರು. ಅವರು ಒಮ್ಮೆ ಹೇಳಬೇಕು, ಆಮೇಲೆ ಅವರು ಸಾಕು ಎನ್ನುವ ತನಕ ನಾನು ಹೇಳುತ್ತಿರಬೇಕು. ನಾನು ಕುರಿ ಕಾಯುವವರ ಮನೆಯಿಂದ ಬಂದವನು. ಅವರ ಬಾಯಿಂದ ಬರುವುದರಲ್ಲಿ ಪದ ಯಾವುದು, ಅರ್ಥ ಯಾವುದು, ದಮ್ಮಿನ ಕೆಮ್ಮು ಯಾವುದು ಎಂದು ಮೊದಮೊದಲು ತಿಳಿಯಲಿಲ್ಲ. ಎಲ್ಲವನ್ನೂ ಕಲಿತುಬಿಟ್ಟೆ. ಪದ, ಇಂಗ್ಲಿಷ್ ಅರ್ಥ, ಕೆಮ್ಮು, "ಒಳಗ ಯಾರದೀರಿ?", ಆಮೇಲೆ ಒಳಗಿನಿಂದ ನೀವು ಹೇಳಿದ ಕನ್ನಡ. ಒಂದನ್ನು ಬಿಟ್ಟರೆ ಮುಂದಿನದು ನೆನಪಾಗುವುದಿಲ್ಲ.

ಇಲ್ಲಿ ನಮ್ಮ ಸಾಹುಕಾರ ಸೈದಪ್ಪನವರಿಗೆ ಮುಂಬಯಿಯ ಕಂಪನಿಯಿಂದ ಒಂದು ಕಾಗದ ಬಂತು. ಅದರಲ್ಲಿ ಫಾರ್ತ್‌ವಿತ್ ಎಂದಿತ್ತು. "ಹಂಗಂದ್ರ ಏನಪಾ?" ಎಂದರು. ನಾನು ಬಾಯಿ ತೆರೆದೆ. "ಫಾರ್ತ್‌ವಿತ್ ಮೀನ್ಸ್ ಅಟ್ ವನ್ಸ್, ವಿದೌಟ್ ಡಿಲೇ" ಎಂದೆ. ಕೆಮ್ಮಿದೆ. ತಡೆದುಕೊಳ್ಳಬೇಕೆನ್ನುವಷ್ಟರಲ್ಲಿ "ಒಳಗ ಯಾರದೀರಿ?" ಎಂಬುದೂ ಬಂದುಬಿಟ್ಟಿತು. ಅಂಗಡಿಯ ಹಿಂದೆಯೇ ಮನೆ. ಸಾಹುಕಾರರ ಹೆಂಡತಿ ಮಲ್ಕಮ್ಮನವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು "ಯಾರು ಹಿರ್ಯಾರು ಬಂದಾರ್ರಿ? ಕರದಂಗಾತು" ಎಂದರು. ಅಂಗಡಿಯಲ್ಲಿ ನಾನು ಮತ್ತು ಸಾಹುಕಾರರು ಇಬ್ಬರೇ ಇದ್ದೆವು. ಸಾಹುಕಾರರು ನನ್ನ ಮುಖವನ್ನೇ ನೋಡಿದರು.

ಆ ಪದಕ್ಕೆ ನೀವು ಒಳಗಿನಿಂದ "ತಾಬಡತೋಬ" ಎಂದಿದ್ದಿರಿ. ಅದನ್ನೂ ಹೇಳಿ ಮುಗಿಸಿದೆ, ಇಲ್ಲದಿದ್ದರೆ ನಿಲ್ಲಿಸಲು ಬರುವುದಿಲ್ಲ.

ಒಂದು ಪದವನ್ನು ಹೇಗಿತ್ತೋ ಹಾಗೆ ಬರೆಯುತ್ತಿದ್ದೇನೆ.

"ಟೆಪಿಡ್. ಟೆಪಿಡ್ ಮೀನ್ಸ್ ಸ್ಲೈಟ್ಲಿ ವಾರ್ಮ್, ನೈದರ್ ಹಾಟ್ ನಾರ್ ಕೋಲ್ಡ್." ಇಲ್ಲಿ ಕೆಮ್ಮು. "ಬಿಸಿ ಅಲ್ಲ, ತಣ್ಣಗಲ್ಲ, ನಡು. ಒಳಗ ಯಾರದೀರಿ? ಕೂಸಿಗೆ ಎರಿಯೂ ನೀರಿಗೆ ಏನಂತೀರಿ?" ಒಳಗಿನಿಂದ ನೀವು, "ಉಗುರು ಬೆಚ್ಚಗ ಅಂತೀವ್ರಿ. ಯಾಕ, ಚಾ ಆರೇತೇನು?" ಮಾಸ್ತರರು, "ಚಾದ ಸುದ್ದಿ ಯಾರು ಕೇಳ್ಯಾರ ಇಲ್ಲಿ? ಹೇಳಲೇ ಬೀರಾ, ಟೆಪಿಡ್."

ಬೇರೆ ಪದಗಳನ್ನೂ ಕಳಿಸುತ್ತೇನೆ. ಆದರೆ ಕಡೆಯ ದಿನದ ಪದವೊಂದನ್ನು ಮಾತ್ರ ಕೇಳಬೇಡಿರಿ. ಆ ಪಾಠ ಮುಗಿದಿರಲಿಲ್ಲ. ಮುಗಿಯದ ಪಾಠ ಒಪ್ಪಿಸಿದರೆ ಮಾಸ್ತರರಿಗೆ ಸೇರುತ್ತಿರಲಿಲ್ಲ.

ಇತಿ ನಿಮ್ಮ ಸೇವಕ,
ಬೀರಣ್ಣ

ಜೇವರ್ಗಿ
ಮಾರ್ಗಶಿರ ಬಹುಳ ಬಿದಿಗೆ, 1938

ಚಿರಂಜೀವಿ ಬೀರಣ್ಣನಿಗೆ ಆಶೀರ್ವಾದಗಳು.

ಚಹಾ ಆರಿದೆಯೇ ಎಂದು ನಾನು ಕೇಳಿದ್ದು ನನಗೇ ಮರೆತುಹೋಗಿತ್ತು. ಅವರ ದನಿ ಬೇಕೆಂದು ಕೇಳಿದರೆ ಅದರ ಜೊತೆಗೆ ನಾನೂ ಬಂದೆ. ಎಷ್ಟು ಹಗುರಾಗಿ ಮಾತಾಡುತ್ತಿದ್ದೆ ನೋಡು ಆಗ. ಕಾಗದ ಕೈಯಲ್ಲಿ ಹಿಡಿದು ಅತ್ತೆ, ಹೊಟ್ಟೆ ತುಂಬ ಅತ್ತೆ. ಆಗ ಮಾತಾಡಿಸಲು ಬಂದವರ ಮುಂದೆ ಅಷ್ಟು ಅಳು ಬಂದಿರಲಿಲ್ಲ.

ನನಗೆ ಕನ್ನಡ ಅಕ್ಷರ ಕಲಿಸಿದವರೂ ಅವರೇ. ಇಂಗ್ಲಿಷ್ ಮಾತ್ರ "ನಿನಗ್ಯಾಕ ಅದು" ಎಂದು ಬಿಟ್ಟಿದ್ದರು. ಈಗ ನೀನು ಕಲಿಸುತ್ತಿದ್ದೀ. ರೊಟ್ಟಿ ಬಡಿಯುತ್ತ ಹೇಳಿಕೊಳ್ಳುತ್ತೇನೆ, ಟೆಪಿಡ್ ಮೀನ್ಸ್ ಸ್ಲೈಟ್ಲಿ ವಾರ್ಮ್. ಕೆಮ್ಮು ಬರಬೇಕಾದಲ್ಲಿ ಕೆಮ್ಮುತ್ತೇನೆ. ಬಿಟ್ಟರೆ ನನಗೂ ಮುಂದಿನದು ಬರುವುದಿಲ್ಲ, ನೀನು ಹೇಳಿದ್ದು ಖರೆ.

ಕಾಗದ ಬಂದ ಮರುದಿನ ಅವರು ಕರೆದಾಗ ನಾನು ತಯಾರಾಗಿದ್ದೆ. "ನಾ ಅದೀನ್ರಿ. ಟೆಪಿಡ್ಡೇನು? ಉಗುರು ಬೆಚ್ಚಗ ಅಂತೀವ್ರಿ" ಎಂದೆ. ಸುಮ್ಮನಾದರು. ಸರಿಹೋಯಿತು ಎಂದುಕೊಂಡೆ. ಮರುದಿನ ಮತ್ತೆ ಕರೆದರು. ತಾಬಡತೋಬ ಎಂದೆ. ಅದೂ ಅಲ್ಲ.

ಯಾವುದೋ ಒಂದು ಪದಕ್ಕೆ ಕನ್ನಡ ಬೇಕಾಗಿದೆ ಅವರಿಗೆ, ನನಗೆ ಅನಿಸುವುದು ಅಷ್ಟೇ. ಅದು ಯಾವುದು ಎಂದು ನನಗೆ ಗೊತ್ತಿಲ್ಲ, ಅವರು ಹೇಳುವುದಿಲ್ಲ. ನಿನ್ನ ಹತ್ತಿರ ಇರುವುದನ್ನೆಲ್ಲ ಕಳಿಸು. ಒಂದೊಂದಾಗಿ ಹೇಳಿ ನೋಡುತ್ತೇನೆ. ಕಡೆಯ ದಿನದ್ದನ್ನು ಯಾಕೆ ಕಳಿಸುವುದಿಲ್ಲ ಎಂದು ಈಗ ಕೇಳುವುದಿಲ್ಲ. ಮುಂದೆ ಕೇಳುವುದಿಲ್ಲ ಎಂದೇನೂ ಅಲ್ಲ.

ಚಳಿ ಹೆಚ್ಚಾಗಿದೆ. ಮೈಮೇಲೆ ಕಂಬಳಿ ಇರಲಿ.

ಇತಿ,
ಸುಂದರಬಾಯಿ

ಆಳಂದ
2 ಜನವರಿ 1939

ಅವ್ವಾರ ಪಾದಗಳಿಗೆ ಬೀರಣ್ಣನ ಶರಣಾರ್ಥಿ.

ನೀವು ಉತ್ತರ ಹುಡುಕುತ್ತಿದ್ದೀರಿ ಎಂದು ಓದಿ ನನಗೆ ಅಂದು ಅನ್ನ ಸೇರಲಿಲ್ಲ. ಆದರೂ ಕೇಳಿದ್ದನ್ನು ಕಳಿಸದೆ ಇರಲಾರೆ.

"ಗ್ಯಾರುಲಸ್. ಗ್ಯಾರುಲಸ್ ಮೀನ್ಸ್ ಟಾಕಿಂಗ್ ಟೂ ಮಚ್ ಅಬೌಟ್ ಟ್ರೈಫಲ್ಸ್." ಕೆಮ್ಮು. "ಸುಮ್ ಸುಮ್ನ ಮಾತಾಡೂದು, ನಿಲ್ಲಿಸಲಾರದು. ಒಳಗ ಯಾರದೀರಿ? ಇಂಥಾವರಿಗೆ ಏನಂತೀರಿ?" ಒಳಗಿನಿಂದ ನೀವು, "ಮಾಸ್ತರ ಅಂತೀವ್ರಿ." ಮೊದಲು ಮಾಸ್ತರರೇ ನಕ್ಕರು, ನಕ್ಕು ನಕ್ಕು ಕೆಮ್ಮು ಹತ್ತಿತು. ಆ ಕೆಮ್ಮು ಬೇರೆ ತರಹದ್ದು. ಅದನ್ನೂ ಕಲಿತಿದ್ದೇನೆ, ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಬ್ರಿಟಲ್ ಎಂಬ ಪದಕ್ಕೆ ನೀವು ಕಡಕ್ ರೊಟ್ಟಿ ಎಂದಿರಿ. ಮಾಸ್ತರರು ಒಪ್ಪಲಿಲ್ಲ. ಒಂದು ಸಜ್ಜೆ ರೊಟ್ಟಿ ತರಿಸಿ, ಬಗ್ಗಿಸಲು ನೋಡಿ, ಅದು ಮುರಿದ ಮೇಲೆ ಒಪ್ಪಿಕೊಂಡು ತಿಂದರು. ನಮಗೂ ಒಂದೊಂದು ಚೂರು ಸಿಕ್ಕಿತು. ಫ್ರೂಗಲ್ ಎಂಬುದಕ್ಕೆ ನೀವು "ಜುಗ್ಗ ಅಲ್ರಿ, ಹಿಡಿತದ ಕೈ" ಎಂದಿರಿ. ವ್ಯಾಸಿಲೇಟ್ ಎಂಬುದಕ್ಕೆ "ಹೊಯ್ದಾಟ". ಇವುಗಳ ಇಂಗ್ಲಿಷ್ ಅರ್ಥವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಕೆಮ್ಮು ಎಲ್ಲೆಲ್ಲಿ ಎಂದು ಗೆರೆ ಎಳೆದಿದ್ದೇನೆ.

ಒಂದು ಮಾತು ಹೇಳಲೇ? ಸಂಜೆ ಅಂಗಡಿ ಮುಚ್ಚಿದ ಮೇಲೆ ನನ್ನ ದನಿಯಲ್ಲಿ ಒಂದಾದರೂ ಪದ ಹೇಳಲು ಬರುತ್ತದೆಯೇ ಎಂದು ನೋಡುತ್ತೇನೆ. ಬರುವುದಿಲ್ಲ. ಕನ್ನಡ ಮಾತಾಡುವಾಗ ನಾನು ನಾನೇ. ಇಂಗ್ಲಿಷ್ ಎಂದೊಡನೆ ಅವರು ಬಂದು ಕುಳಿತುಬಿಡುತ್ತಾರೆ. ಮಾಸ್ತರರೆಂದರೆ ನನಗೆ ಪ್ರಾಣ, ಆದರೂ ಕೆಲವೊಮ್ಮೆ ಭಯವಾಗುತ್ತದೆ. ನೀವು ಆ ಮನೆಯಲ್ಲಿ ಒಬ್ಬರೇ ಇರುವುದು ನೆನೆದರೆ ಇನ್ನೂ ಭಯವಾಗುತ್ತದೆ.

ಇತಿ ನಿಮ್ಮ ಸೇವಕ,
ಬೀರಣ್ಣ

ಜೇವರ್ಗಿ
ಪುಷ್ಯ ಬಹುಳ ಅಷ್ಟಮಿ, 1939

ಚಿರಂಜೀವಿ ಬೀರಣ್ಣನಿಗೆ ಆಶೀರ್ವಾದಗಳು.

ಇಲ್ಲಿ ಒಂದು ದೊಡ್ಡ ಗದ್ದಲವಾಗಿದೆ. ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ನೀನು ಕಳಿಸಿದ್ದನ್ನೆಲ್ಲ ಬಾಯಿಪಾಠ ಮಾಡಿದೆ. ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತ ಗ್ಯಾರುಲಸ್ ಹೇಳಿಕೊಳ್ಳುತ್ತಿದ್ದೆ. ಆಚೆ ಅಜೀಜಾಬಿ ಬಟ್ಟೆ ಒಣಹಾಕುತ್ತಿದ್ದಳು. ಅವರು ಪಡಸಾಲೆಯಲ್ಲಿ ಇರುವಾಗ ಮಾಡುತ್ತಿದ್ದಂತೆ ತಲೆ ಮೇಲೆ ಸೆರಗು ಎಳೆದುಕೊಂಡು ಹಾಗೆಯೇ ನಿಂತುಬಿಟ್ಟಳಂತೆ. ಆಮೇಲೆ ಬಂದು "ಬಾಯಿ, ಮಾಸ್ತರ್ ಸಾಬರ ಆವಾಜ್ ಬಂತು. ನೀವ ಏನ್ರಿ ಅದು?" ಎಂದಳು. ಅವಳ ಕಣ್ಣಲ್ಲಿ ನೀರು. ಅವಳದೇನೂ ತಪ್ಪಿಲ್ಲ. ಬಾವಿಯ ಹತ್ತಿರ ನಾಗಣ್ಣನ ಹೆಂಡತಿಗೆ ಕನಿಕರದಿಂದಲೇ ಹೇಳಿದ್ದಾಳೆ.

ನಾಗಣ್ಣ ಬಂದ. "ಅತ್ತಿಗಿ, ಇದು ಚಲೋ ಅಲ್ರಿ. ಅಣ್ಣ ನಿಮ್ಮ ಮೈಮ್ಯಾಲ ಬರಾಕತ್ತಾನ."

"ನಿಮ್ಮಣ್ಣ ಬಂದಿದ್ರ ಮೊದಲ ನಿನ್ನ ಇಂಗ್ಲೀಷ ಕೇಳ್ತಿದ್ರು. ಕುಂಡ್ರಪ್ಪ" ಎಂದೆ.

ನಿನ್ನ ಕಾಗದ ತೋರಿಸಿದೆ. ಇದು ಬೀರಣ್ಣ ಕಳಿಸಿದ ಪಾಠ, ನಾನು ಓದಿ ಕಲಿತೆ ಎಂದೆ. ಅವನಿಗೆ ನಂಬಿಕೆ ಆಗಲಿಲ್ಲ. ಹಾಗಾದರೆ ಕೇಳು ಎಂದು ಅವನ ಎದುರಿಗೇ ಹೇಳಿದೆ, ವ್ಯಾಸಿಲೇಟ್ ಮೀನ್ಸ್ ಟು ವೇವರ್ ಬಿಟ್ವೀನ್ ಟೂ ಒಪಿನಿಯನ್ಸ್. ನೀನು ಗೆರೆ ಎಳೆದಲ್ಲಿ ಕೆಮ್ಮಿದೆ. ಅಷ್ಟೇ ಸಾಕಾಯಿತು. ಮೀಸೆ ಬಂದ ಗಂಡಸು, ನನ್ನ ಕಾಲಿಗೆ ಬಿದ್ದು "ಅಣ್ಣಾ, ನಂದೇನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ" ಎಂದು ಅಳತೊಡಗಿದ. ಅಣ್ಣನ ಮೇಲೆ ಅವನಿಗೆ ಅಷ್ಟು ಮಾಯೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ನನಗೂ ಕಣ್ಣು ತುಂಬಿತು. ಬೈಯಬೇಕೆಂದಿದ್ದವಳು ಅವನ ತಲೆ ನೇವರಿಸಿದೆ. ಅದನ್ನು ಅವನು ಅಣ್ಣನ ಕೈ ಎಂದುಕೊಂಡನೋ ಏನೋ.

ಈಗ ಎಲ್ಲರೂ ಸೇರಿ ನಿರ್ಧಾರ ಮಾಡಿದ್ದಾರೆ. ನನ್ನನ್ನು ಘತ್ತರಗಿಯ ಭಾಗ್ಯವಂತಿ ದೇವಿಯ ಮುಂದೆ ಕೂರಿಸಬೇಕಂತೆ. ಅಲ್ಲಿಂದ ಅಫಜಲಪುರಕ್ಕೆ, ಗುರುಬಾಯಿಯ ಮನೆಗೆ. ಯುಗಾದಿ ಆದ ಮೇಲೆ ಈ ಮನೆಯನ್ನು ಕಚೇರಿಯ ಗುಮಾಸ್ತನೊಬ್ಬನಿಗೆ ಬಾಡಿಗೆಗೆ ಕೊಡುತ್ತಾರಂತೆ.

ಕಡಕ್ ರೊಟ್ಟಿ, ಹಿಡಿತದ ಕೈ, ಹೊಯ್ದಾಟ ಎಲ್ಲ ಹೇಳಿ ನೋಡಿದೆ. ಒಂದೂ ಅಲ್ಲ. ಅವರು ದಿನವೂ ಕರೆಯುತ್ತಲೇ ಇದ್ದಾರೆ.

ಇತಿ,
ಸುಂದರಬಾಯಿ

ಆಳಂದ
9 ಫೆಬ್ರವರಿ 1939

ಅವ್ವಾರ ಪಾದಗಳಿಗೆ ಬೀರಣ್ಣನ ಶರಣಾರ್ಥಿ.

ಬೇಕಾದರೆ ರಜೆ ಕೇಳಿ ಬಂದು ನಾಗಣ್ಣನವರಿಗೆ ಎಲ್ಲ ತಿಳಿಸಿ ಹೇಳುತ್ತೇನೆ. ಆದರೆ ನಾನು ಬಾಯಿ ತೆರೆದರೂ ಅದೇ ದನಿ. ಅವರು ಇನ್ನಷ್ಟು ಹೆದರುತ್ತಾರೆ.

ಗುರುಬಾಯಿಯವರ ಮನೆಗೆ ಹೋಗುವುದು ಒಳ್ಳೆಯದು ಎಂದು ನನಗೂ ಅನಿಸುತ್ತದೆ. ಮೊಮ್ಮಗು ಇದೆ, ಗಲಗಲ ಇದೆ. ಸಿಟ್ಟಾಗಬೇಡಿರಿ.

ಇನ್ನು ಉಳಿದದ್ದು ಎರಡೋ ಮೂರೋ ಸಣ್ಣ ಪದಗಳು. ಇದರೊಂದಿಗೆ ಕಳಿಸಿದ್ದೇನೆ. ಆಮೇಲೆ ಕಳಿಸಲು ನನ್ನಲ್ಲಿ ಏನೂ ಇರುವುದಿಲ್ಲ. ಬಿಟ್ಟದ್ದು ಬಿಟ್ಟೇ ಇರಲಿ.

ಇತಿ ನಿಮ್ಮ ಸೇವಕ,
ಬೀರಣ್ಣ

ಅಫಜಲಪುರ
ಫಾಲ್ಗುಣ ಶುದ್ಧ ಸಪ್ತಮಿ, 1939

ಚಿರಂಜೀವಿ ಬೀರಣ್ಣನಿಗೆ ಆಶೀರ್ವಾದಗಳು.

ಸಿಟ್ಟಾಗಿದ್ದೇನೆ. ಆದರೆ ಮೊದಲು ನಡೆದದ್ದನ್ನು ಬರೆಯುತ್ತೇನೆ.

ಘತ್ತರಗಿಯಲ್ಲಿ ಹೊಳೆ ಈಗ ಮೊಣಕಾಲುದ್ದ. ಗಾಡಿ ಎತ್ತುಗಳು ನೀರು ಕುಡಿಯುತ್ತ ದಾಟಿದವು. ಅಂದು ಇದೇ ನೀರು ನನ್ನನ್ನು ತಡೆದು ನಿಲ್ಲಿಸಿತ್ತು ಎಂದರೆ ನಂಬಿಕೆ ಬರುವುದಿಲ್ಲ. ನಾನು ಅದರ ಕಡೆಗೆ ನೋಡಲಿಲ್ಲ.

ಗುಡಿಯ ಮುಂದೆ ಒಬ್ಬ ಮುದುಕಿ ನನ್ನನ್ನು ಕೂರಿಸಿದಳು. ಸುತ್ತ ಬೇವಿನ ಸೊಪ್ಪು, ನಿಂಬೆಹಣ್ಣು. ಮೃದುವಾದ ದನಿ ಅವಳದು. ನನ್ನೊಳಗೆ ಇರುವವರನ್ನು ಕೇಳುವ ಹಾಗೆ ಕೇಳಿದಳು, "ಯಾರಪ್ಪಾ ನೀ? ಏನ ಬೇಕಾಗೇದ ನಿನಗ? ಹೇಳಿ ಹೋಗು."

ಬೀರಣ್ಣಾ, ನಾನು ಇಷ್ಟು ದಿನ ಕೇಳುತ್ತಿರುವುದೂ ಅದನ್ನೇ. ಕಣ್ಣು ಮುಚ್ಚಿದೆ. ನನ್ನ ಬಾಯಿಂದಲಾದರೂ ಉತ್ತರ ಬರುವುದಾದರೆ ಬರಲಿ ಎಂದು ತುಟಿ ಸಡಿಲ ಬಿಟ್ಟು ಕುಳಿತೆ. ಕಾದೆ. ನಾಗಣ್ಣನೂ ಕಾದ. ಏನೂ ಬರಲಿಲ್ಲ. ಕಡೆಗೆ ಮುದುಕಿ ನನ್ನ ಗಲ್ಲ ಹಿಡಿದು ನೋಡಿ, ನಾಗಣ್ಣನಿಗೆ "ಈಕಿನ್ನ ಯಾರೂ ಹಿಡದಿಲ್ಲಪ್ಪಾ. ಈಕಿನೇ ಯಾರನ್ನೋ ಹಿಡಕೊಂಡು ಕುಂತಾಳ" ಎಂದಳು.

ಗುರುಬಾಯಿಯ ಮಗ ಗುಂಡಗಿದ್ದಾನೆ. ಅಜ್ಜನ ಕಿವಿ. ಎತ್ತಿ ಆಡಿಸುತ್ತೇನೆ, ನಗುತ್ತೇನೆ, ಎಲ್ಲ ಮಾಡುತ್ತೇನೆ. ಇಲ್ಲಿ ಮಧ್ಯಾಹ್ನ ಬರುತ್ತದೆ, ಹೋಗುತ್ತದೆ, ಯಾರೂ ಕರೆಯುವುದಿಲ್ಲ. ಮೊದಲ ದಿನ ನಿರಾಳವಾಯಿತು. ಆಮೇಲೆ ತಲೆಗೆ ಬಂತು. ಇಲ್ಲಿ ಕರೆಯುವುದಿಲ್ಲ ಎಂದರೆ ಅಲ್ಲಿ ಕರೆಯುತ್ತಿದ್ದಾರೆ. ಬೀಗ ಹಾಕಿದ ಮನೆಯಲ್ಲಿ ಕುಳಿತು ಒಳಗ ಯಾರದೀರಿ ಎನ್ನುತ್ತಿದ್ದಾರೆ. ಓ ಅನ್ನುವವರಿಲ್ಲ. ನಾನು ಇರಬೇಕಾದ ಹೊತ್ತಿನಲ್ಲಿ ಇರುವುದಿಲ್ಲ ಎಂಬುದು ನನ್ನ ಹಣೆಯಲ್ಲೇ ಬರೆದಿದೆಯೇನು?

ಹೋಳಿ ಮುಗಿಸಿ ನಾನು ಜೇವರ್ಗಿಗೆ ಹೋಗುತ್ತೇನೆ. ಗುಮಾಸ್ತ ಬರುವ ತನಕವಾದರೂ ಅಲ್ಲಿರುತ್ತೇನೆ. ನೀನು ಆ ಒಂದು ಪದ ಕಳಿಸು. ಪಾಠ ಮುಗಿದಿಲ್ಲ, ಮಾಸ್ತರರಿಗೆ ಸೇರುವುದಿಲ್ಲ ಎಂದೆಲ್ಲ ನನಗೆ ಹೇಳಬೇಡ. ನನ್ನ ಜೀವ ನೋಯುತ್ತದೆ ಎಂದು ನೀನು ಮುಚ್ಚಿಡುತ್ತಿದ್ದೀ, ಅಷ್ಟು ತಿಳಿಯದವಳಲ್ಲ ನಾನು. ನೋಯಲಿ. ಹೆಂಡತಿಯಾಗಿ ಕೇಳುತ್ತಿದ್ದೇನೆ, ಅದು ನನ್ನದು, ನನಗೆ ಕೊಡು.

ಇತಿ,
ಸುಂದರಬಾಯಿ

ಆಳಂದ
18 ಮಾರ್ಚ್ 1939

ಅವ್ವಾರ ಪಾದಗಳಿಗೆ ಬೀರಣ್ಣನ ಶರಣಾರ್ಥಿ.

ಬರೆಯುತ್ತೇನೆ.

ಅಂದು ಮಳೆ ಸ್ವಲ್ಪ ಬಿಟ್ಟಿತ್ತು. ಬೇರೆ ಹುಡುಗರು ಬಂದಿರಲಿಲ್ಲ. ಮಾಸ್ತರರು ಗೋಡೆಗೆ ಒರಗಿ ಕುಳಿತಿದ್ದರು, ದಮ್ಮು ಜಾಸ್ತಿ ಇತ್ತು. "ನಾಳೆ ಬರ್ತೇನ್ರಿ" ಎಂದೆ. "ಕುಂಡ್ರಲೇ. ಒಂದ ಪದ ಹೇಳತೇನಿ" ಎಂದರು.

"ವಿಸ್ಟ್‌ಫುಲ್. ವಿಸ್ಟ್‌ಫುಲ್ ಮೀನ್ಸ್ ಸ್ಯಾಡ್ಲಿ ಲಾಂಗಿಂಗ್." ಕೆಮ್ಮು. ಅದು ಬಹಳ ಹೊತ್ತು ನಿಲ್ಲಲಿಲ್ಲ. "ಸಿಗಂಗಿಲ್ಲ ಅಂತ ಗೊತ್ತಿರ್ತದ. ಆದ್ರೂ ಮನಸ್ಸು ಹೋಗಿ ಅಲ್ಲೇ ಕುಂತಿರ್ತದ. ಅಳೂದಲ್ಲ ಅದು. ಸಿಟ್ಟೂ ಅಲ್ಲ. ಅದಕ್ಕ ನಮ್ಮ ಕಡೆ..." ಎಂದು ಹುಡುಕಿದರು. ಸಿಗಲಿಲ್ಲ. ಬಾಗಿಲ ಕಡೆಗೆ ಮುಖ ತಿರುಗಿಸಿ "ಒಳಗ ಯಾರದೀರಿ?" ಎಂದರು.

ಒಳಗೆ ಯಾರೂ ಇರಲಿಲ್ಲ, ಅವ್ವಾರ.

ಅವರು ಉತ್ತರಕ್ಕೆ ಕಾದರು. ನಾನು "ಅವ್ವಾರು ಅಫಜಲಪುರಕ್ಕ ಹೋಗ್ಯಾರಲ್ರಿ" ಎಂದೆ. "ಹೌದಲ್ಲೋ, ಮರತೇಬಿಟ್ಟಿದ್ದೆ" ಎಂದು ನಕ್ಕರು. ಆಮೇಲೆ ಕಣ್ಣನ್ನು ಬಾಗಿಲಿನಿಂದ ತೆಗೆಯದೆ, "ಆಕಿ ಬರ್ಲಿ. ಬಂದ ಮ್ಯಾಲ ಆಕಿನ್ನೇ ಕೇಳೂಣು. ನೀ ಅಲ್ಲೀತನಕ ಹೇಳ್ಕೋತ ಇರು" ಎಂದರು.

ನಾನು ಹೇಳುತ್ತಿದ್ದೆ. ವಿಸ್ಟ್‌ಫುಲ್ ಮೀನ್ಸ್ ಸ್ಯಾಡ್ಲಿ ಲಾಂಗಿಂಗ್. ವಿಸ್ಟ್‌ಫುಲ್ ಮೀನ್ಸ್ ಸ್ಯಾಡ್ಲಿ ಲಾಂಗಿಂಗ್. ಅವರು ಸಾಕು ಅನ್ನಬೇಕಲ್ಲ. ಅನ್ನಲಿಲ್ಲ. ನಾನು ಬಹಳ ಹೊತ್ತು ಹೇಳುತ್ತಲೇ ಇದ್ದೆ. ಅವರ ಕಣ್ಣುಗಳು ತೆರೆದೇ ಇದ್ದವು, ಬಾಗಿಲನ್ನೇ ನೋಡುತ್ತಿದ್ದವು.

ಕರೆದರು, ನೀವಿರಲಿಲ್ಲ ಎಂಬುದನ್ನು ನಿಮಗೆ ಹೇಗೆ ಹೇಳಲಿ? ಹೊಳೆಯ ಆ ದಂಡೆಯಲ್ಲಿ ನಿಂತು ನೀವು ಅತ್ತದ್ದು ಊರಿಗೆಲ್ಲ ಗೊತ್ತು. ಅದಕ್ಕೆ ಇದನ್ನೂ ಸೇರಿಸಲು ಮನಸ್ಸು ಬರಲಿಲ್ಲ.

ಆ ಪದವನ್ನು ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ. ಅದರ ಕನ್ನಡ ನನಗೆ ಇನ್ನೂ ಗೊತ್ತಿಲ್ಲ.

ಇತಿ ನಿಮ್ಮ ಸೇವಕ,
ಬೀರಣ್ಣ

ಜೇವರ್ಗಿ
ಚೈತ್ರ ಶುದ್ಧ ದಶಮಿ, 1939

ಚಿರಂಜೀವಿ ಬೀರಣ್ಣನಿಗೆ ಆಶೀರ್ವಾದಗಳು.

ನಿನ್ನ ಕಾಗದ ಯುಗಾದಿಯ ದಿನವೇ ಬಂತು. ಬೇವು ಬೆಲ್ಲ ತಿನ್ನುವ ಮೊದಲೇ ಓದಿದೆ. ಸುಳ್ಳು ಹೇಳುವುದಿಲ್ಲ, ನೋಯಿತು. ಕರೆದಾಗ ನಾನಿರಲಿಲ್ಲ ಎಂಬುದು ಇನ್ನು ನಾನಿರುವ ತನಕ ಉರಿಯುತ್ತದೆ. ಆದರೆ "ಆಕಿ ಬರ್ಲಿ" ಎಂದರಲ್ಲ, ಅದನ್ನು ನಾಲ್ಕಾರು ಸಲ ಓದಿದೆ. ನನ್ನ ಮೇಲೆ ಸಿಟ್ಟಾಗಿ ಹೋಗಲಿಲ್ಲ, ನನಗಾಗಿ ಕಾದು ಹೋದರು. ಇಷ್ಟು ದಿನ ಅದೊಂದು ಮಾತು ನಿನ್ನ ಹತ್ತಿರ ಇಟ್ಟುಕೊಂಡೆಯಲ್ಲ, ಹುಚ್ಚಪ್ಪ.

ಆಮೇಲೆ ಕನ್ನಡ ಹುಡುಕಲು ಕುಳಿತೆ. ಆಸೆ ಎಂದರೆ ಆಗುವುದಿಲ್ಲ, ಆಸೆಗೆ ಸಿಗುತ್ತದೆ ಎಂಬ ನಂಬಿಕೆ ಇರುತ್ತದೆ. ಚಿಂತೆ ಅಲ್ಲ. ಮರುಕ ಅಲ್ಲ, ಅದು ಬೇರೆಯವರ ಮೇಲೆ. ಅವರಿಗೆ ಗುಂಡು ಹೊಡೆದ ಹಾಗೆ ಸರಿಯಾದದ್ದೇ ಬೇಕು, ಅಡ್ಡ ಹಾಯುವುದು ಸೇರುತ್ತಿರಲಿಲ್ಲ. ಅಜೀಜಾಬಿಯನ್ನು ಕೇಳಿದೆ. "ನಮ್ಮಾಗ ಹಸ್ರತ್ ಅಂತೀವಿ ಬಾಯಿ" ಎಂದಳು. ಚೆಂದದ ಮಾತು, ಆದರೆ ಅವರಿಗೆ ಬೇಕಾದದ್ದು ಒಳಗಿನವಳ ಮಾತು. ಕರೆದಾಗಲೆಲ್ಲ "ತಡೀರಿ, ಹುಡುಕಾಕತ್ತೇನಿ" ಎನ್ನುತ್ತಿದ್ದೆ.

ಆಚೆ ಮೊನ್ನೆ ಅಜೀಜಾಬಿ ಮೆಟ್ಟಿಲ ಮೇಲೆ ಕುಳಿತು, "ಖರೆ ಹೇಳ್ರಿ, ದಿನಾ ಇಲ್ಲಿ ಒಬ್ಬಾಕಿನ ಕುಂತು ಏನ್ ಅನಸ್ತದ?" ಎಂದಳು. ನಾನು ಯಾವ ಯೋಚನೆಯೂ ಇಲ್ಲದೆ, "ಏನ್ ಹೇಳ್ಲಿ ಬೇ, ಒಂದ್ ನಮೂನಿ ಹಳಹಳಿ" ಎಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೆ ಕೇಳಿಸಿತು. ಅಜೀಜಾಬಿಯನ್ನು ಮನೆಗೆ ಕಳಿಸಿದೆ.

ನೆರಳು ಮೆಟ್ಟಿಲಿಗೆ ಬಂತು. ನಾನು ಯಾವಾಗಲೂ ನಿಲ್ಲುತ್ತಿದ್ದಲ್ಲೇ, ಬಾಗಿಲ ಹಿಂದೆ ನಿಂತಿದ್ದೆ. "ಒಳಗ ಯಾರದೀರಿ?" ಎಂದರು.

"ನಾ ಅದೀನ್ರಿ. ಹಳಹಳಿ ಅಂತೀವ್ರಿ ಅದಕ್ಕ."

ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ. ಒಪ್ಪದಿದ್ದರೆ ನಾಳೆ ಕರೆಯುತ್ತಾರೆ, ಜಗಳವಾಡಿದರಾಯಿತು ಎಂದುಕೊಂಡೆ. ಮರುದಿನ ನೆರಳು ಮೆಟ್ಟಿಲಿಗೆ ಬಂತು, ದಾಟಿ ಹೋಯಿತು. ನಾನು ಬಾಗಿಲ ಹಿಂದೆ ದೀಪ ಹಚ್ಚುವ ಹೊತ್ತಿನ ತನಕ ನಿಂತೆ. ಕರೆಯಲಿಲ್ಲ. ನಿನ್ನೆಯೂ ಇಲ್ಲ, ಇಂದೂ ಇಲ್ಲ.

ನೀನು ಆ ಪಾಠ ಈಗ ಪೂರ್ತಿ ಮಾಡಿಕೋ. ಇನ್ನು ಸಾಕು ಎಂದು ಅವರ ಪರವಾಗಿ ನಾನು ಹೇಳುತ್ತೇನೆ. ನಿನ್ನ ದನಿ ನಿನಗೆ ತಿರುಗಿ ಬರಲಿ.

ಗುಮಾಸ್ತನ ಹೆಂಡತಿ ಬಂದು ಒಲೆ, ಬಚ್ಚಲು ನೋಡಿಕೊಂಡು ಹೋದಳು. ಒಳ್ಳೆಯ ಹುಡುಗಿ. ಗುರುಬಾಯಿ ಗಾಡಿ ಕಳಿಸುತ್ತಾಳೆ. ನಾನು ಹೊರಡಲು ಇನ್ನು ಅಡ್ಡಿ ಏನೂ ಇಲ್ಲ ಎಂದು ನಾಗಣ್ಣನಿಗೆ ಸಮಾಧಾನವಾಗಿದೆ. ಎಲ್ಲರಿಗೂ ಸಮಾಧಾನವಾಗಿದೆ.

ನಿನಗೊಬ್ಬನಿಗೆ ಬರೆಯುತ್ತೇನೆ, ಬೇರೆ ಯಾರಿಗೂ ಹೇಳಬೇಡ. ನಾನು ಅವಸರ ಮಾಡಿದೆ. ಸಿಕ್ಕ ದಿನವೇ ಹೇಳಿಬಿಟ್ಟೆ. ಇನ್ನೂ ಸಿಕ್ಕಿಲ್ರಿ, ನಾಳೆ ಹೇಳತೇನಿ ಎಂದಿದ್ದರೆ, ನಾಳೆಯೂ ಕರೆಯುತ್ತಿದ್ದರು.

ಇತಿ,
ಸುಂದರಬಾಯಿ